ರೆನಿಟಾಳ ಸರದಿ

"ಗುರುಗಳೇ, ನನ್ನ ಜೊತೆಯವನ ಕೈಯಲ್ಲಿ ಕೆಲಸ ಪದೇ ಪದೇ ಕೆಡುತ್ತದೆ. ಅವನ ಪಾಲಿನದನ್ನೂ ನಾನೇ ಮಾಡಿಬಿಟ್ಟರೆ ತಪ್ಪೇನು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಟೇಬಲ್ ಟೆನಿಸ್ ಆಡುವ ಇಬ್ಬರು ಹೆಂಗಸರಿದ್ದರು. ಹಿರಿಯಳು ಮಂದಾಕಿನಿ, ಕಿರಿಯಳು ರೆನಿಟಾ. ದೂರದೇಶದ ಅಂತರರಾಷ್ಟ್ರೀಯ ಪಂದ್ಯಾವಳಿಯೊಂದರಲ್ಲಿ ಇಬ್ಬರೂ ಜೋಡಿಯಾಗಿ ಆಡಿ ಫೈನಲ್ ತಲುಪಿದರು. ಹದಿನಾರು ವರ್ಷ ಆಡಿದ್ದರೂ ಮಂದಾಕಿನಿ ಚಿನ್ನ ಗೆದ್ದವಳಲ್ಲ. ಮೊಣಕಾಲು ಸವೆದಿತ್ತು. ಇದೇ ಅವಳ ಕೊನೆಯ ಪಂದ್ಯ.

ಜೋಡಿಯಾಟದಲ್ಲಿ ಜೊತೆಗಾರರು ಸರದಿಯಂತೆ ಒಂದೊಂದು ಹೊಡೆತ ಹೊಡೆಯಬೇಕು. ಒಬ್ಬಳ ಸರದಿಯ ಚೆಂಡನ್ನು ಇನ್ನೊಬ್ಬಳು ಹೊಡೆದರೆ ಅಂಕ ಎದುರಾಳಿಗೆ.

ಎರಡೂ ಜೋಡಿಗಳು ಎರಡೆರಡು ಗೇಮ್ ಗೆದ್ದವು. ಐದನೆಯದರಲ್ಲಿ ರೆನಿಟಾ ತಪ್ಪತೊಡಗಿದಳು. ಒಂದು ಚೆಂಡು ನೆಟ್‌ಗೆ ಬಿತ್ತು, ಇನ್ನೊಂದು ಮೇಜಿನಾಚೆ ಹಾರಿತು. ಮಂದಾಕಿನಿಗೆ ತಡೆಯಲಾಗಲಿಲ್ಲ. ತಾನು ಹೊಡೆದ ಮೇಲೂ ಪಕ್ಕಕ್ಕೆ ಸರಿಯದೆ, ರೆನಿಟಾಳಿಗೆ ಕಾವಲಿರುವವಳಂತೆ ನಡುವೆಯೇ ನಿಂತಳು. ಚೆಂಡಿಗೆಂದು ನುಗ್ಗಿದ ರೆನಿಟಾ ಅವಳಿಗೇ ಡಿಕ್ಕಿ ಹೊಡೆದಳು. ಎದುರಾಳಿಗೆ ಹತ್ತು, ಇವರಿಗೆ ಎಂಟು. ಇನ್ನೊಂದು ಅಂಕ ಹೋದರೆ ಎಲ್ಲ ಮುಗಿಯಿತು.

ಒಂದು ನಿಮಿಷದ ವಿರಾಮ ಕೇಳಿ ಇಬ್ಬರೂ ಬದಿಗೆ ಬಂದರು.

"ನಿನ್ನನ್ನು ನಂಬಿ ಹೇಗೆ ಬಿಡಲಿ, ಹೇಳು?" ಎಂದಳು ಮಂದಾಕಿನಿ.

ರೆನಿಟಾ ಬೆವರು ಒರೆಸಿಕೊಂಡಳು. "ಅಕ್ಕಾ, ಆ ಎರಡು ತಪ್ಪು ನನ್ನವೇ. ಆದರೆ ಈಗ ನನಗೆ ಚೆಂಡೇ ಕಾಣುತ್ತಿಲ್ಲ. ನಿಮ್ಮ ಬೆನ್ನು ಮಾತ್ರ ಕಾಣುತ್ತಿದೆ."

ಆಟ ಮತ್ತೆ ಶುರುವಾಯಿತು. ಈಗ ಮಂದಾಕಿನಿ ಹೊಡೆದ ಕೂಡಲೇ ನೋಯುವ ಕಾಲನ್ನು ಎಳೆದುಕೊಂಡು ಪಕ್ಕಕ್ಕೆ ಹಾರಿದಳು. ಒಂಬತ್ತು! ಹತ್ತು! ಜನ ಎದ್ದು ನಿಂತರು. ಹನ್ನೊಂದು! ಹತ್ತಕ್ಕೆ ಹತ್ತು ಸಮವಾದ ಮೇಲೆ ಗೆಲ್ಲಲು ಎರಡು ಅಂಕ ಮುಂದಿರಬೇಕು; ಇನ್ನು ಒಂದೇ ಅಂಕ ಬೇಕು. ಚೆಂಡು ಇಪ್ಪತ್ತು ಸಲ ಅತ್ತಿತ್ತ ಹಾರಿತು. ಕೊನೆಗೆ ಎದುರಾಳಿಯ ಹೊಡೆತವೊಂದು ಮೇಜಿನ ಎಡ ಮೂಲೆಗೆ ಸಿಡಿದು ಬಂತು. ಮಂದಾಕಿನಿ ಅಲ್ಲೇ ಇದ್ದಳು, ಕೈಚಾಚಿದರೆ ಸಿಗುತ್ತಿತ್ತು; ಆದರೆ ಸರದಿ ರೆನಿಟಾಳದು. ಅವಳು ಬ್ಯಾಟನ್ನು ಎದೆಗೊತ್ತಿಕೊಂಡು ನೆಲಕ್ಕೆ ಕುಕ್ಕರಿಸಿದಳು. ಅವಳ ತಲೆಯ ಮೇಲಿಂದ ರೆನಿಟಾ ಬೀಸಿದಳು. ಚೆಂಡು ಮೇಜಿನ ಆಚೆಯ ಅಂಚಿಗೆ ತಾಗಿ ನೆಲ ಸೇರಿತು. ಇಡೀ ಕ್ರೀಡಾಂಗಣ ಕೂಗಿತು. ಇಬ್ಬರೂ ತಬ್ಬಿಕೊಂಡು ಗಟ್ಟಿಯಾಗಿ ಅತ್ತರು.

ಶಿಷ್ಯನ ಕಣ್ಣು ಹೊಳೆಯಿತು. ಆದರೂ ಅವನು ಬಿಡಲಿಲ್ಲ. "ಗುರುಗಳೇ, ಒಂದು ವೇಳೆ ಆ ಹೊಡೆತವೂ ತಪ್ಪಿದ್ದರೆ?"

"ತಪ್ಪಿದ್ದರೂ ಅದು ಅವಳದೇ ಚೆಂಡು" ಎಂದರು ಗುರುಗಳು.