ವರ್ತಿಕಾಶಿಲೆಯ ಹಿಮದರ್ಶನ ಮಹಿಮೆ

ಕಡಲು ತನ್ನ ಎಲ್ಲೆಯನ್ನು ಇನ್ನೂ ಕಲಿಯುತ್ತಿದ್ದ ಪೂರ್ವಯುಗದಲ್ಲಿ, ಉತ್ತರ ಸಮುದ್ರದ ತೀರದ ಕಪ್ಪು ಬಂಡೆಗಳ ನಡುವೆ, ದೋಣಿಯನ್ನೇ ನಂಬಿ ಬಾಳುತ್ತಿದ್ದ ನಾವಿಕರ ಕುಲವೊಂದಿತ್ತು. ವಸಂತವು ಮುಗಿಯುವ ಹೊತ್ತಿಗೆ ಉತ್ತರ ದಿಕ್ಕಿನಿಂದ ಗಿರಿಶಿಖರಗಳಂತಹ ಮಹಾಹಿಮರಾಶಿಗಳು ತೇಲಿಬಂದು, ಆ ತೀರದ ಮುಂದೆ ಮಂದಗತಿಯಿಂದ ಸಾಗಿ, ದಕ್ಷಿಣದ ಬೆಚ್ಚನೆಯ ನೀರಿನಲ್ಲಿ ಕರಗಿ ಇಲ್ಲವಾಗುತ್ತಿದ್ದವು. ಅವು ಎಲ್ಲಿಂದ ಬರುತ್ತವೆಂದು ಬಲ್ಲವರಿರಲಿಲ್ಲ. ದೇವೇಂದ್ರನು ರೆಕ್ಕೆ ಕತ್ತರಿಸಿ ಕೆಡವಿದ ಪರ್ವತಗಳ ಪ್ರೇತಗಳು ಅವೆಂದು ಹೇಳಿ, ಜನರು ಬಾಗಿಲು ಮುಚ್ಚಿ ಒಳಗೆ ಕುಳಿತುಕೊಳ್ಳುತ್ತಿದ್ದರು.

ಆ ಕುಲದ ಮುಖ್ಯಸ್ಥನಾದ ಶಫರನಿಗೆ ಕೈರವನೆಂಬ ತಮ್ಮನಿದ್ದನು. ಎಲ್ಲರೂ ಅಂಜುತ್ತಿದ್ದ ಆ ಹಿಮಗಿರಿಗಳನ್ನು ಕಂಡು ಅಂಜದವನು ಅವನೊಬ್ಬನೇ. ಒಂದು ನಿರ್ಮಲ ಪ್ರಭಾತದಲ್ಲಿ ಅವನು ತನ್ನ ಕಿರುದೋಣಿಯನ್ನು ಹಿಮಗಿರಿಯೊಂದರ ಬುಡದವರೆಗೂ ನಡೆಸಿದಾಗ, ಒಳಗೊಳಗೇ ಕರಗಿ ಭಾರ ತಪ್ಪಿದ್ದ ಆ ಗಿರಿಯು ಇದ್ದಕ್ಕಿದ್ದಂತೆ ಮಗುಚಿ, ದೋಣಿಯನ್ನೂ ಅವನನ್ನೂ ಜಲಗರ್ಭಕ್ಕೆ ಒಯ್ದಿತು. ಅವನ ಮಡದಿ ವರ್ತಿಕೆಯು ದಡದಲ್ಲಿ ನಿಂತು ಅದನ್ನು ಕಣ್ಣಾರೆ ಕಂಡಳು. ಅವಳು ಗೋಳಾಡಲಿಲ್ಲ, ಯಾರನ್ನೂ ಶಪಿಸಲಿಲ್ಲ. ಅಂದಿನಿಂದ ಮಾತು ಬಿಟ್ಟಳು. ಆ ಮೌನವನ್ನು ಕ್ರೋಧವೆಂದು ತಿಳಿದ ಶಫರನು, ಹಿಮಗಿರಿಗಳ ಹುಟ್ಟನ್ನೇ ನಿಲ್ಲಿಸಿ ಬರುವೆನೆಂದು ಕುಲದವರ ಮುಂದೆ ಪಣತೊಟ್ಟು, ಕರಾವಳಿಯಗುಂಟ ಉತ್ತರಾಭಿಮುಖವಾಗಿ ಹೊರಟನು.

ಹುಲ್ಲು ಮುಗಿದು ಕಲ್ಲು, ಕಲ್ಲು ಮುಗಿದು ಬರಿಯ ಬಿಳುಪು ಉಳಿದ ಆ ದೇಶದಲ್ಲಿ, ಬೆಟ್ಟಗಳ ಕಣಿವೆಯಿಂದ ಕಡಲಿನವರೆಗೆ ಚಾಚಿಕೊಂಡಿದ್ದ ಹಿಮದ ಗೋಡೆಯನ್ನು ಅವನು ಕಂಡನು. ಅದರ ಸಮೀಪದಲ್ಲೇ ಸುಶೀಮೆಯೆಂಬ ವೃದ್ಧ ತಪಸ್ವಿನಿಯ ಆಶ್ರಮವಿತ್ತು. ಬಂದ ಕಾರಣವನ್ನು ಕೇಳಿ ತಿಳಿದ ಆಕೆಯು, ಗಿರಿಶಿಖರಗಳ ಮೇಲೆ ಹೂವಿನಂತೆ ಹಗುರವಾಗಿ ಬಿದ್ದ ಹಿಮವು ವರ್ಷದ ಮೇಲೆ ವರ್ಷ ಕವಿದು, ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ನೀಲಶಿಲೆಯಾಗಿ, ಮನುಷ್ಯರ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ನದಿಯಂತೆ ಹರಿದು, ಕಡೆಗೆ ಕಡಲನ್ನು ಮುಟ್ಟಿ ಮುರಿಯುತ್ತದೆಂದೂ, ತೇಲುವ ಗಿರಿಯ ಅಲ್ಪಭಾಗವಷ್ಟೇ ಮೇಲೆ ಕಂಡು ಮಿಕ್ಕದ್ದೆಲ್ಲ ನೀರಿನೊಳಗಿರುತ್ತದೆಂದೂ ವಿವರಿಸಿದಳು. ಆಕೆ ಹೇಳುತ್ತಿರುವಂತೆಯೇ ಗೋಡೆಯ ಒಂದು ಪಾರ್ಶ್ವವು ಮೇಘಗರ್ಜನೆಯಂತಹ ಸದ್ದಿನಿಂದ ಸಮುದ್ರಕ್ಕೆ ಬಿದ್ದಿತು. ಮುಳುಗಿ ಮೇಲೆದ್ದು, ತೂಗಾಡಿ, ನೆಲೆಗೊಂಡು ದಕ್ಷಿಣಕ್ಕೆ ಹೊರಟಿತು. ಶಫರನು ಮುಖ ತಿರುಗಿಸಿಕೊಂಡನು.

ಅವನು ಆ ಶೀತಲ ಜಲದಲ್ಲಿ ಎದೆಮಟ್ಟ ನಿಂತು, ವರ್ತಿಕೆಯ ದುಃಖವನ್ನು ಸಾಕ್ಷಿಯಾಗಿಟ್ಟು, ಜಲಾಧಿಪತಿಯಾದ ವರುಣದೇವನನ್ನು ಕುರಿತು ಘೋರತಪಸ್ಸನ್ನಾಚರಿಸಿದನು. ದೇವನು ಪ್ರತ್ಯಕ್ಷನಾಗಿ ಬೇಡಿದ್ದನ್ನು ಕೊಟ್ಟನು. ಅಂದಿನಿಂದ ಹಿಮದ ನದಿಯು ನಿಂತಲ್ಲೇ ನಿಂತಿತು.

ಊರಿನವರು ಮೊದಮೊದಲು ಹರ್ಷಪಟ್ಟರು. ಆದರೆ ಹಿಮಗಿರಿಗಳು ಬಾರದ ಕಡಲಿನಲ್ಲಿ, ಅವುಗಳ ಕರಗುವ ತಂಪನ್ನು ಅರಸಿ ಬರುತ್ತಿದ್ದ ಮೀನುಗಳೂ ಬಾರದಾದವು, ಮೀನಿಲ್ಲದೆ ಹಕ್ಕಿಗಳು ತೀರವನ್ನು ತೊರೆದವು, ಬಲೆಗಳು ಒಣಗಿದವು, ಮಕ್ಕಳು ಹಸಿದು ಮಲಗಿದರು. ತಾನು ಬೇಡಿದ ವರವೇ ಕುಲಕ್ಕೆ ಮುಳುವಾಯಿತೆಂದು ಅರಿತ ಶಫರನು ಮತ್ತೆ ಉತ್ತರಕ್ಕೆ ಹೋದಾಗ, ಇಳಿಯಲು ದಾರಿಯಿಲ್ಲದ ಹಿಮವು ಕಣಿವೆಯನ್ನು ತುಂಬಿ ಸುಶೀಮೆಯ ಆಶ್ರಮದ ಬಾಗಿಲಿನವರೆಗೆ ಏರಿತ್ತು. ಆಕೆ ಅವನನ್ನು ನಿಂದಿಸಲಿಲ್ಲ. ಬೆಚ್ಚನೆಯ ಗಂಜಿ ಕೊಟ್ಟು ಪಕ್ಕದಲ್ಲಿ ಕುಳಿತಳು. ಅವನು ವರವನ್ನು ಹಿಂಪಡೆಯೆಂದು ಪ್ರಾರ್ಥಿಸಲು, ವರುಣದೇವನ ವಾಣಿಯು ಕೇಳಿಬಂದಿತು:

"ಆ ಹೆಣ್ಣಿನ ದುಃಖದಿಂದ ಕಟ್ಟಿದ ಕಟ್ಟು ಇದು. ಬಿಚ್ಚಬೇಕಾದವಳೂ ಅವಳೇ. ಅವಳಿಗೆ ಏನು ಬೇಕಿತ್ತೆಂದು ನೀನು ಎಂದಾದರೂ ಕೇಳಿದೆಯಾ?"

ಕೇಳಿರಲಿಲ್ಲ. ಶಫರನು ತಲೆತಗ್ಗಿಸಿ ಊರಿಗೆ ಮರಳಿ, ವರ್ತಿಕೆಯ ಹೊಸ್ತಿಲ ಹೊರಗೆ ನೆಲದ ಮೇಲೆ ಕುಳಿತು, ನಡೆದದ್ದನ್ನೆಲ್ಲ ಒಪ್ಪಿಸಿದನು. ತಮ್ಮನನ್ನು ಕೊಂದ ಹಿಮವನ್ನು ಬಿಟ್ಟುಬಿಡೆಂದು ಅವನ ಹೆಂಡತಿಯನ್ನೇ ಬೇಡುವ ಬಾಯಿ ತನಗಿಲ್ಲವೆಂದು ಹೇಳಿದನು. ಬಹುಕಾಲದ ಮೇಲೆ ವರ್ತಿಕೆ ಬಾಯಿ ತೆರೆದಳು.

"ಭಾವ, ಅವರು ಅದರ ಮೇಲೆ ಹಗೆಯಿಂದ ಹೋದವರಲ್ಲ. ಅದರ ಒಳಗೆ ಒಂದು ನೀಲಿ ಬೆಳಕಿದೆ, ಹತ್ತಿರದಿಂದ ನೋಡಿ ಬಂದು ನಿನಗೆ ಹೇಳುತ್ತೇನೆ ಅಂದಿದ್ದರು. ನಾನು ಆ ಮಾತಿಗೇ ಕಾಯುತ್ತಾ ಕುಳಿತಿದ್ದೆ. ನೀವು ಆ ಬೆಳಕನ್ನೂ ಬರದ ಹಾಗೆ ಮಾಡಿದಿರಿ."

ಶಫರನು ಅತ್ತನು. ಬಳಿಕ ಅವರಿಬ್ಬರೂ ಜೊತೆಯಾಗಿ ಉತ್ತರಕ್ಕೆ ನಡೆದರು. ವರ್ತಿಕೆಯು ಹಿಮದ ಗೋಡೆಗೆ ಅಂಗೈಯೊತ್ತಿ, ಬೆರಳುಗಳು ಮರಗಟ್ಟುವವರೆಗೆ ನಿಂತು, "ಇನ್ನು ಹೋಗು" ಎಂದಳು. ಕಣಿವೆಯು ನಡುಗಿತು. ಹಿಮವು ಮತ್ತೆ ಕಡಲಿನತ್ತ ಸರಿಯತೊಡಗಿ, ಮೊದಲ ಗಿರಿಯು ಮುರಿದು ತೇಲಿತು. ಅವರು ದಡದ ಮೇಲೆ ನಡೆಯುತ್ತ, ಅದು ನೀರಿನ ಮೇಲೆ ಸಾಗುತ್ತ, ಊರಿನವರೆಗೂ ಜೊತೆಯಾಗಿ ಬಂದರು. ಅಲ್ಲಿ ಕಡಲಿಗೆ ಚಾಚಿದ್ದ ಬಂಡೆಯನ್ನೇರಿ ಅವಳು ನೋಡುತ್ತಿರಲು, ಇಳಿಬಿಸಿಲು ಗಿರಿಯ ಬಿರುಕಿನೊಳಕ್ಕೆ ಹೊಕ್ಕು, ಬಿಳುಪಿನ ನಡುವೆ ಮಯೂರಕಂಠದಂತಹ ನೀಲಿಯು ಬೆಳಗಿತು. "ನಿಜ ಹೇಳಿದ್ದರು" ಎಂದಷ್ಟೇ ಅಂದಳು. ಆಗ ವರುಣದೇವನು ಹೀಗೆ ನುಡಿದನು:

"ಹಿಮವು ಇಳಿದು ಕರಗುವುದು ನನ್ನ ನಿಯಮ. ಅದನ್ನು ತಡೆಯಬೇಡಿ, ಮುಟ್ಟಲೂ ಹೋಗಬೇಡಿ. ಈ ಶಿಲೆಯಿಂದ ಕಂಡವರಿಗೆ ಕಂಡಷ್ಟೇ ಪುಣ್ಯ."

ಆ ಬಂಡೆಯೇ ವರ್ತಿಕಾಶಿಲೆಯೆಂದು ಪ್ರಸಿದ್ಧವಾಗಿ, ಇಂದಿಗೂ ಅಲೆಗಳ ಮೇಲೆ ಚಾಚಿ ನಿಂತಿದೆ. ಗ್ರೀಷ್ಮಾರಂಭದಲ್ಲಿ ಮೊದಲ ಹಿಮಗಿರಿಯು ಗೋಚರಿಸಿದ ದಿನ ನಾವಿಕರು ಹುಟ್ಟುಗಳನ್ನು ದಡದಲ್ಲಿಟ್ಟು, ಯಾತ್ರಿಕರೊಡನೆ ಇಲ್ಲಿ ಸೇರುತ್ತಾರೆ. ಈ ಕ್ಷೇತ್ರದಲ್ಲಿ ತೀರ್ಥಸ್ನಾನವಿಲ್ಲ, ಘಂಟಾನಾದವಿಲ್ಲ. ಯಾರನ್ನಾದರೂ ಕಳೆದುಕೊಂಡವರನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಾರೆ. ಅರ್ಚಕರೂ ಮಂತ್ರವನ್ನು ನಿಲ್ಲಿಸಿ, ಅವರ ಕಣ್ಣಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿಯುತ್ತಾರೆ.