ಅರವತ್ತನಾಲ್ಕು ಹುಣಸೆ ಬೀಜ

ಹೊಳೆ ದಂಡೆಯ ಆಶ್ರಮಶಾಲೆಯಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಪರ್ವತಯ್ಯ ಗುರುಗಳಿಗೆ ವಯಸ್ಸಾಗಿತ್ತು. ಗಂಟಲು ಸೋತಿತ್ತು, ಗತ್ತು ಮಾತ್ರ ಸೋತಿರಲಿಲ್ಲ.

ಇನ್ನು ಮುಂದೆ ಹತ್ತನೇ ಕ್ಲಾಸಿಗೆ ಪರಮಾಣು ಪಾಠ ಯಾರು ಹೇಳಬೇಕು? ದಾಕ್ಷಾಯಿಣಿಗೆ ಆ ಕ್ಲಾಸು ತನಗೆ ಸಿಗಲಿ ಅನ್ನುವುದೊಂದೇ ಆಸೆ. ಆಶ್ರಮದಲ್ಲೇ ಓದಿ ಬೆಳೆದು, ಪಟ್ಟಣದಲ್ಲಿ ಪದವಿ ಮುಗಿಸಿ, ಗುರುಗಳ ಹತ್ತಿರ ಇನ್ನಷ್ಟು ಕಲಿಯಲು ವಾಪಸು ಬಂದವಳು. ಅವಳ ಗುರುಭಕ್ತಿಯೋ, ಅಬ್ಬಬ್ಬಾ! ಗುರುಗಳು ಕಾಗೆ ಬಿಳಿ ಅಂದರೆ ಇವಳು ಎಲ್ಲಿಂದಲೋ ಒಂದು ಬಿಳಿ ಪುಕ್ಕ ಹುಡುಕಿ ತರುತ್ತಿದ್ದಳು.

ಒಂದು ಬೆಳಿಗ್ಗೆ ಗುರುಗಳು ಅವಳನ್ನು ಕರೆದರು.

"ಕೆಲವು ಧಾತುಗಳ ಪರಮಾಣು ತಾನಾಗಿಯೇ ಒಡೆಯುತ್ತೆ. ಯಾರೂ ಮುಟ್ಟಬೇಕಾಗಿಲ್ಲ. ಇದನ್ನ ಮಕ್ಕಳಿಗೆ ಹೇಗೆ ತೋರಿಸ್ತೀಯಮ್ಮ?"

"ನೀವೇ ಹೇಳಿಕೊಟ್ಟಿದ್ದೀರಲ್ಲ ಗುರುಗಳೇ. ಚೌಕಾಬಾರ ಆಡೋಕೆ ಹುಣಸೆ ಬೀಜ ಸೀಳ್ತೀವಲ್ಲ, ಹಾಗೆ ಸೀಳಿದ ಅರವತ್ತನಾಲ್ಕು ಹೋಳು ಎಸೀಬೇಕು. ಬಿಳಿ ಮುಖ ಮೇಲಾದರೆ ಒಡೆದ ಪರಮಾಣು. ಅದನ್ನ ತೆಗೆದಿಟ್ಟು, ಉಳಿದದ್ದನ್ನ ಮತ್ತೆ ಎಸೀಬೇಕು."

"ಒಂದೊಂದು ಸಲಕ್ಕೆ ಎಷ್ಟು ಹೋಗುತ್ತೆ?"

"ಅರ್ಧ. ನೀವೇ ಕರಿಹಲಗೆ ಮೇಲೆ ಬರೆದಿದ್ದೀರಿ."

"ಹೊಳೆ ಹತ್ತಿರ ಹೋಗಿ ಎಸೆದು ನೋಡು. ಸಾಯಂಕಾಲ ಮಕ್ಕಳ ಮುಂದೆ ಹೇಳು. ಮೆಚ್ಚಿಗೆಯಾದರೆ ನಾಳೆಯಿಂದ ಕ್ಲಾಸು ನಿಂದು."

ದಾಕ್ಷಾಯಿಣಿ ಹಾರಿಕೊಂಡೇ ಹೋದಳು. ಸೋಪಾನದ ಕಲ್ಲಿನ ಮೇಲೆ ಬೀಜ ಎಸೆದಳು. ಇಪ್ಪತ್ತೊಂದು ಬಿಳಿ.

ಕೈ ಸರಿಯಿಲ್ಲ ಅಂದುಕೊಂಡು ಎಲ್ಲವನ್ನೂ ಬಾಚಿ ಮತ್ತೆ ಎಸೆದಳು. ಇಪ್ಪತ್ತಮೂರು. ಎಡಗೈಯಲ್ಲಿ ಎಸೆದಳು, ಕಣ್ಣು ಮುಚ್ಚಿ ಎಸೆದಳು, ಶಿವನ ಹೆಸರು ಹೇಳಿ ಎಸೆದಳು. ಏನು ಮಾಡಿದರೂ ಹೋಗುವುದು ಮೂರರಲ್ಲಿ ಒಂದು ಪಾಲು. ಅರ್ಧದ ಹತ್ತಿರವೂ ಸುಳಿಯಲಿಲ್ಲ.

ಗುರುಗಳು ಒಂದು ಹೇಳಿದ್ದಾರೆ, ಬೀಜ ಇನ್ನೊಂದು ಹೇಳುತ್ತಿದೆ. ಇಂಥ ಇಕ್ಕಟ್ಟು ಯಾರಿಗೂ ಬೇಡಪ್ಪ! ಅಷ್ಟು ಮಕ್ಕಳ ಮುಂದೆ ನಿಂತು ಗುರುವಿಗೇ ತಿರುಮಂತ್ರ ಹೇಳುವುದೇ? ಹೇಳಿದ ಮೇಲೆ ಕ್ಲಾಸು ಸಿಗುವುದುಂಟೇ?

ಸಾಯಂಕಾಲ ಮಕ್ಕಳೆಲ್ಲ ಕೂತರು. ದಾಕ್ಷಾಯಿಣಿ ತಲೆ ಎತ್ತದೆ ಒಪ್ಪಿಸಿದಳು.

"ಮೊದಲು ಮೂವತ್ತೆರಡು ಉಳೀತು. ಆಮೇಲೆ ಹದಿನಾರು, ಎಂಟು, ನಾಲ್ಕು, ಎರಡು, ಒಂದು."

ಮಕ್ಕಳು ಚಪ್ಪಾಳೆ ತಟ್ಟಿದರು. ಗುರುಗಳು ತಟ್ಟಲಿಲ್ಲ.

"ಒಂದು ಬೀಜವೂ ಹೆಚ್ಚುಕಮ್ಮಿ ಆಗಲಿಲ್ಲವೇನಮ್ಮ?"

"ಇಲ್ಲ ಗುರುಗಳೇ."

"ಭಲೇ! ಹುಣಸೆ ಬೀಜಕ್ಕೆ ಇಷ್ಟು ಶಿಸ್ತು ಯಾರು ಕಲಿಸಿದ್ರು? ನನ್ನ ಕೈಲಿ ಮಕ್ಕಳಿಗೇ ಕಲಿಸೋಕಾಗಲಿಲ್ಲ."

ಮಕ್ಕಳು ಕಿಸಕ್ಕನೆ ನಕ್ಕರು.

"ಯಾವ ಬೀಜ ಯಾವಾಗ ಮಗುಚುತ್ತೆ ಅಂತ ಬ್ರಹ್ಮನೂ ಹೇಳಲಾರ," ಅಂದರು ಗುರುಗಳು. "ಪರಮಾಣುವೂ ಹಾಗೇ. ರಾಶಿಗೆ ಒಂದು ಲೆಕ್ಕ ಉಂಟು, ಬಿಡಿಬಿಡಿಗೆ ಇಲ್ಲ. ಆ ರಾಶಿ ಲೆಕ್ಕವೂ ಸ್ವಲ್ಪ ಆಚೀಚೆ ಆಡ್ತಾನೇ ಇರುತ್ತೆ. ಎಲ್ಲಿ, ಎಸಿ ನೋಡೋಣ."

ದಾಕ್ಷಾಯಿಣಿ ಬೀಜ ಎಸೆದಳು. ಮಕ್ಕಳು ಮುಗಿಬಿದ್ದು ಎಣಿಸಿದರು. ಅರವತ್ತನಾಲ್ಕರಲ್ಲಿ ಇಪ್ಪತ್ತೆರಡು ಹೋಯಿತು. ಉಳಿದ ನಲವತ್ತೆರಡರಲ್ಲಿ ಹದಿಮೂರು.

"ಇದು ನಿನಗೆ ಬೆಳಿಗ್ಗೇನೇ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

"ಮತ್ತೆ ಯಾಕೆ ಸುಳ್ಳು ಹೇಳಿದೆ?"

"ನಿಮ್ಮ ಮಾತು ಸುಳ್ಳಾಗಬಾರದು ಅಂತ." ಅಷ್ಟು ಹೇಳುವುದರಲ್ಲಿ ಅವಳಿಗೆ ಅಳುವೇ ಬಂದುಬಿಟ್ಟಿತು.

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಾನು ಹುಣಸೆ ಬೀಜ ಎಸೆದು ನೋಡೇ ಇಲ್ಲ ಕಣಮ್ಮ! ನಮ್ಮ ಗುರುಗಳು ನಾಣ್ಯ ಚಿಮ್ಮಿಸಿ ತೋರಿಸಿದ್ದರು. ನಾಣ್ಯಕ್ಕೆ ಅರ್ಧ ಸರಿ. ನಾನು ನಾಣ್ಯ ಬಿಟ್ಟು ಬೀಜ ಹಿಡಿದೆ, ಅರ್ಧವನ್ನ ಮಾತ್ರ ಬಿಡಲಿಲ್ಲ. ಮಕ್ಕಳೇ, ಇಷ್ಟು ವರ್ಷ ನಾನು ಹೇಳಿದ್ದು ತಪ್ಪು."

ದಾಕ್ಷಾಯಿಣಿ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಅವರನ್ನು ನೋಡಿದಳು. ಇಷ್ಟು ದೊಡ್ಡ ಮನುಷ್ಯ, ಇಷ್ಟು ಚಿಕ್ಕ ಮಕ್ಕಳ ಮುಂದೆ, ಹೆಗಲ ಮೇಲಿನ ಧೂಳು ಕೊಡವಿದಷ್ಟು ಸಲೀಸಾಗಿ ತಪ್ಪು ಅಂದುಬಿಟ್ಟರಲ್ಲ! ಅವರ ಮೇಲಿನ ಗೌರವ ಅವಳಿಗೆ ಎದೆಯಲ್ಲಿ ಹಿಡಿಸದಷ್ಟಾಯಿತು.

"ಈಗ ಹೇಳು. ಬೀಜ ಏನನ್ನುತ್ತೆ?"

"ಎಷ್ಟೇ ಉಳಿದಿದ್ರೂ, ಒಂದೊಂದು ಸಲಕ್ಕೆ ಸುಮಾರು ಮೂರರಲ್ಲಿ ಒಂದು ಪಾಲು ಹೋಗುತ್ತೆ." ಅವಳು ನೆಲದ ಮೇಲಿನ ಬೀಜಗಳನ್ನು ನೋಡಿದಳು. "ಗುರುಗಳೇ, ಹಾಗಾದರೆ ನಾಣ್ಯದ ಓಟವೇ ಬೇರೆ, ಬೀಜದ ಓಟವೇ ಬೇರೆ. ರೇಡಿಯಂ ಬೇಗ ಒಡೆಯುತ್ತೆ, ಯುರೇನಿಯಂ ನಿಧಾನ. ಒಂದೊಂದು ಧಾತುವಿಗೆ ಅದರದ್ದೇ ಓಟ ಇರೋದೂ ಹೀಗೇ ಅಲ್ಲವಾ?"

"ನೋಡಿದೆಯಾ! ನನ್ನ ಅರ್ಧವನ್ನ ಕಾಪಾಡೋಕೆ ಹೋಗಿ, ಇಷ್ಟು ಒಳ್ಳೇ ಪಾಠವನ್ನ ಹೊಳೆ ಪಾಲು ಮಾಡಿ ಬಂದಿದ್ದೆಯಲ್ಲ."

ಅವಳಿಗೆ ನಾಚಿಕೆಯಾಯಿತು.

"ಪರಮಾಣು ಅಂದರೆ ದ್ರಾಕ್ಷಿ ಹುದುಗಿಸಿದ ಲಾಡಿನ ಹಾಗೆ ಅಂದ ಹಿಂದೆ ಒಬ್ಬ ವಿಜ್ಞಾನಿ ಗುರು," ಅಂದರು ಪರ್ವತಯ್ಯನವರು. "ಅವನ ಶಿಷ್ಯ ಚಿನ್ನದ ತಗಡಿಗೆ ಕಣಗಳನ್ನ ಹೊಡೆಸಿ ನೋಡಿದ. ಲಾಡೂ ಅಲ್ಲ ಏನೂ ಅಲ್ಲ, ಬಹುಪಾಲು ಬರೀ ಬಯಲು, ನಟ್ಟನಡುವೆ ಒಂದು ಗಟ್ಟಿ ತಿರುಳು ಅಂದ. ಆ ಶಿಷ್ಯನ ಶಿಷ್ಯ ಬಂದು, ಎಲೆಕ್ಟ್ರಾನುಗಳು ಮನಸ್ಸು ಬಂದ ಕಡೆ ಸುತ್ತೋದಿಲ್ಲ, ಅವಕ್ಕೆ ಗೊತ್ತಾದ ಜಾಗಗಳಿವೆ ಅಂದ. ಅದೂ ಪೂರ್ತಿ ನಿಲ್ಲಲಿಲ್ಲ. ಇವರೆಲ್ಲ ನಿನ್ನ ಹಾಗೆ ಗುರುವಿನ ಮಾತು ಉಳಿಸೋಕೆ ಹೊರಟಿದ್ದರೆ, ನಾವು ಇವತ್ತಿಗೂ ಲಾಡು ತಿಂದ್ಕೊಂಡು ಕೂತಿರ್ತಿದ್ದೆವು."

"ತಪ್ಪಾಯಿತು ಗುರುಗಳೇ. ಕ್ಲಾಸು ಬೇರೆ ಯಾರಿಗಾದರೂ ಕೊಡಿ. ಸುಳ್ಳು ಹೇಳಿದವಳು ನಾನು."

ಗುರುಗಳು ಮೆಲ್ಲಗೆ ಎದ್ದರು. ಕರಿಹಲಗೆಯ ಮೇಲೆ ತಾವೇ ಬರೆದಿದ್ದ "ಅರ್ಧ" ಅನ್ನುವುದನ್ನು ಹೆಗಲ ವಸ್ತ್ರದಿಂದ ಒರೆಸಿದರು. ಸೀಮೆಸುಣ್ಣವನ್ನು ಅವಳ ಕೈಯಲ್ಲಿಟ್ಟು, ಹೋಗಿ ಮಕ್ಕಳ ಸಾಲಿನಲ್ಲಿ ಕೂತರು.

"'ನೀವು ಹೇಳಿದ್ದು ತಪ್ಪು' ಅಂತ ನಿನ್ನೆದುರು ಒಂದು ಮಗು ಎದ್ದು ನಿಂತ ದಿನ, ಪಾಠ ಅಲ್ಲಿಗೇ ಬಿಟ್ಟು ಓಡಿ ಬಂದು ನನ್ನನ್ನ ಕರೆಯಮ್ಮ. ಆ ಮಗೂನ ನಾನು ನೋಡಬೇಕು."