ಕಡವಿನ ವಿಲೋ ಮರ

ಹಳೆಯ ಚೀನಾ ದೇಶದ ಒಂದು ದೋಣಿ ಕಡವಿನ ಪಕ್ಕದಲ್ಲಿ ಪೂಜ್ಯ ಭಿಕ್ಷುಣಿ ಜಿಂಗ್‌ಲಾನ್ ಮಾತೆಯವರ ಕುಟೀರವಿತ್ತು. ಕುಟೀರ ಅಂದರೆ ಮಣ್ಣಿನ ಗೋಡೆ, ಒಂದು ಒಲೆ, ಅಂಗೈಯಗಲದ ಬುದ್ಧಮೂರ್ತಿ, ಅಷ್ಟೇ. ಹೊಳೆ ದಾಟಲು ಬಂದವರಿಗೆಲ್ಲ ಮಾತೆಯವರು ಬಿಸಿನೀರು ಕೊಡುತ್ತಿದ್ದರು. ಉಪದೇಶ ಕೇಳಲು ಬಂದವರಿಗೂ ಮೊದಲು ಬಿಸಿನೀರೇ.

ಆ ಕಡವಿನಲ್ಲಿ ಇದ್ದದ್ದು ಒಂದೇ ಒಂದು ವಿಲೋ ಮರ. ತಲೆಗೆ ಎರೆದುಕೊಂಡು ಕೂದಲು ಹರವಿ ನಿಂತ ಹೆಂಗಸಿನಂತೆ ಕೊಂಬೆಗಳನ್ನು ನೀರಿನ ಮೇಲೆ ಇಳಿಬಿಟ್ಟಿತ್ತು. ದೂರದೇಶಕ್ಕೆ ಹೊರಟವರ ಕೈಗೆ ಅದರ ಎಳೆಕೊಂಬೆ ಮುರಿದು ಕೊಡುವುದು ಅಲ್ಲಿನ ಪದ್ಧತಿ. ಆ ನಾಡಿನ ಕವಿತೆಗಳಲ್ಲಿ ಹೆಬ್ಬಾತುಗಳ ಸಾಲು ಬಂದರೆ ದೂರದವರ ಸುದ್ದಿ, ಹುಣ್ಣಿಮೆ ಬಂದರೆ ಮನೆಯ ನೆನಪು. ವಿಲೋ ಬಂತೆಂದರೆ ಯಾರೋ ಯಾರನ್ನೋ ಬೀಳ್ಕೊಡುತ್ತಿದ್ದಾರೆ ಎಂದು ಓದುವವರಿಗೆ ತಾನಾಗಿ ತಿಳಿಯುತ್ತಿತ್ತು. ಕೊಂಬೆಯಿಲ್ಲದೆ ಹೊರಟವರನ್ನು ಮಾತ್ರ ಜನ, ಪಾಪ, ಹಿಂದೆ ಯಾರೂ ಇಲ್ಲದವರು ಎನ್ನುತ್ತಿದ್ದರು.

ಒಂದು ವಸಂತದ ಬೆಳಗ್ಗೆ ರೇಷ್ಮೆಹುಳು ಸಾಕುವ ರೋಂಗ್ ಎಂಬ ವಿಧವೆ ಒಬ್ಬಳೇ ಮಗಳು ಯೂನ್‌ಳನ್ನು ಕಳಿಸಲು ಬಂದಳು. ಅಳಿಯ ಉತ್ತರದ ಗಡಿಯಲ್ಲಿ ಕಾವಲುಗಾರ. ಅಲ್ಲಿಗೆ ಹೋದವರು ತಿರುಗಿ ಬರುವುದು ಅಪರೂಪ. ಯೂನ್ ದೋಣಿಯ ಪಕ್ಕ ಕೈಯೊಡ್ಡಿ ನಿಂತಳು. ರೋಂಗ್ ಬುಟ್ಟಿಯಿಂದ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕುಡುಗೋಲು ತೆಗೆದವಳೇ, ಕೈಗೆಟುಕುವ ಕೊಂಬೆಗಳನ್ನೆಲ್ಲ ಕಡಿದು ನೆಲಕ್ಕೆಸೆಯತೊಡಗಿದಳು.

"ಏನಕ್ಕಾ, ಮರಕ್ಕೆ ಕ್ಷೌರಾನಾ? ಹೊತ್ತಾಗಿ ಹಾಯಿಗೆ ಗಾಳಿ ನಿಂತುಹೋದರೆ ನಿನ್ನ ಮಗಳನ್ನ ನಾನೇ ಉಫ್ ಅಂತ ಊದಿ ದಾಟಿಸಬೇಕು!" ಎಂದ ಅಂಬಿಗ.

"ಕೊಂಬೆ ಕೊಟ್ಟರೆ ತಾನೇ ಅವಳು ಹೋಗೋದು? ಕೊಡಲ್ಲ. ಬೇರೆ ಯಾರೂ ಕೊಡಬಾರದು."

"ಬರಿಗೈಲಿ ಹೇಗೆ ಹತ್ತಲಮ್ಮಾ?" ಯೂನ್‌ಳ ದನಿ ಒಡೆಯಿತು.

ಗದ್ದಲ ಕೇಳಿ ಮಾತೆಯವರು ಕೈಯಲ್ಲಿದ್ದ ಬಿಸಿನೀರಿನ ಕೆಟಲ್ ಸಮೇತ ಹೊರಗೆ ಬಂದರು. ರೋಂಗ್ ಅವರ ಮೇಲೂ ಹರಿಹಾಯ್ದಳು.

"ಕವಿಗಳೆಲ್ಲ ಈ ಕೊಂಬೆ ಹಿಡಿದು ಅತ್ತವರೇ. ಹೋದವರು ವಾಪಸ್ ಬಂದರು ಅಂತ ಒಬ್ಬನಾದರೂ ಬರೆದಿದ್ದಾನಾ? ನಿಮಗೇನು ಗೊತ್ತಾಗುತ್ತೆ ತಾಯೀ, ಮನೆ ಬಿಟ್ಟು ಬಂದವರು ನೀವು!"

ಮಾತೆಯವರು ಕೆಟಲನ್ನು ಕೆಳಗಿಟ್ಟರು. ಮರದ ಬೊಡ್ಡೆಯ ಮೇಲೆ ಅಂಗೈಯಿಟ್ಟರು.

"ಇದು ನಮ್ಮಮ್ಮ ಕೊಟ್ಟ ಕೊಂಬೆ, ಮಗಳೇ."

ಅಂಬಿಗನೂ ಮರದತ್ತ ತಿರುಗಿದ.

"ನಾನು ಮನೆ ಬಿಟ್ಟ ದಿನ ಕೊಟ್ಟಿದ್ದು. ಇಲ್ಲಿಗೆ ಬಂದು ಹಸಿಮಣ್ಣಿಗೆ ಚುಚ್ಚಿದೆ. ವಿಲೋ ಎಲ್ಲಿ ಚುಚ್ಚಿದರೂ ಬೇರು ಬಿಡುತ್ತೆ. ಅದಕ್ಕೇ ಕೊಡೋದು."

ರೋಂಗ್ ತಲೆಯೆತ್ತಿ ನೋಡಿದಳು. ಒಬ್ಬರ ತೋಳಿಗೆ ಸಿಗದ ಬೊಡ್ಡೆ. ತಾನು ಕಡಿದ ಕಡೆಯೆಲ್ಲ ರಸ ಜಿನುಗುತ್ತಿತ್ತು. ಯಾವ ತಾಯಿಯ ಕೊಂಬೆಗೆ ಕುಡುಗೋಲು ಹಾಕಿದೆನೋ ಎಂದುಕೊಂಡು ಅದನ್ನು ಬುಟ್ಟಿಗೆ ಹಾಕಿದಳು. ಕೆಳಗೆ ಬಿದ್ದವುಗಳಲ್ಲಿ ತುಂಬ ಮೊಗ್ಗಿದ್ದ ಒಂದನ್ನು ಆರಿಸಿದಳು. ಬುಡಕ್ಕೆ ಹೊಳೆಯ ಮಣ್ಣು ಮೆತ್ತಿ, ತನ್ನ ತೋಳಿನ ಬಟ್ಟೆ ಹರಿದು ಕಟ್ಟಿ, ಮಗಳ ಕೈಗಿಟ್ಟಳು.

"ಹೋದ ತಕ್ಷಣ ಬಾವಿ ಹತ್ತಿರ ನೆಡು. ಊಟ ಆಗಲಿ, ಆಮೇಲೆ ನೋಡೋಣ ಅನ್ನಬೇಡ. ನಿನ್ನ ಬುದ್ಧಿ ನನಗೆ ಗೊತ್ತು."

ಯೂನ್ ಅಳುತ್ತಲೇ ನಕ್ಕು ದೋಣಿ ಹತ್ತಿದಳು.

ದೋಣಿ ಕಣ್ಮರೆಯಾದ ಮೇಲೆ ಮಾತೆಯವರು ರೋಂಗ್‌ಳಿಗೆ ಬಿಸಿನೀರು ಕೊಟ್ಟರು. ಕುಡಿದು ಮುಗಿಸಿದ ರೋಂಗ್ ಎದ್ದು, ತಾನು ಕಡಿದು ಚೆಲ್ಲಿದ್ದ ಕೊಂಬೆಗಳನ್ನೆಲ್ಲ ದಡದುದ್ದಕ್ಕೂ ಚುಚ್ಚುತ್ತಾ ಹೋದಳು.

ಮುಂದೆ ಆ ಕಡವಿಗೆ ವಿಲೋ ಸಾಲಿನ ಕಡವೆಂದೇ ಹೆಸರಾಯಿತು. ಬೀಳ್ಕೊಡಲು ಬಂದು ಅಳುತ್ತಾ ನಿಂತವರಿಗೆ ಮಾತೆಯವರು ಬಿಸಿನೀರು ಕೊಡುತ್ತಿದ್ದರು. ಕೊಂಬೆ ಕೊಯ್ದು ಬುಡಕ್ಕೆ ಮಣ್ಣು ಕಟ್ಟಿ, "ದಾರೀಲಿ ಒಣಗಿಸಬೇಡಿ" ಎಂದು ಗದರಿ ಕೊಡುತ್ತಿದ್ದವಳು ರೋಂಗ್. ಕುಡುಗೋಲು ಅದೇ.